ಭೇದಿ ನಿಂತ್ಮೇಲೂ ಒಂದಷ್ಟು ದಿನ ಗಮನ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಫುಡ್ ಪಾಯ್ಸನ್ ಆಗಿ ಇಷ್ಟು ಜನ ಆಸ್ಪತ್ರೆ ಸೇರಿದ್ರು, ಎಲ್ಲರೂ ಹುಷಾರಾಗಿ ಮನೆಗೆ ಹೋದ್ರು ಅಂತ ಪೇಪರಲ್ಲಿ ಬರುತ್ತೆ, ಸುದ್ದಿ ಅಲ್ಲಿಗೆ ಮುಗೀತು. ಆದ್ರೆ ಕೆಲವರಿಗೆ ದೊಡ್ಡ ತೊಂದರೆ ಶುರುವಾಗೋದೇ ಮನೆಗೆ ಹೋದ್ಮೇಲೆ, ಅದನ್ನ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

ಕ್ಯಾಂಪಿಲೋಬ್ಯಾಕ್ಟರ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಸರಿಯಾಗಿ ಬೇಯದ ಕೋಳಿ, ಕಾಯಿಸದ ಹಾಲು, ಕೆಟ್ಟ ನೀರು ಇವುಗಳಿಂದ ಹೊಟ್ಟೆಗೆ ಹೋಗುತ್ತೆ. ಸಾಮಾನ್ಯವಾಗಿ ಒಂದು ವಾರದೊಳಗೆ ಭೇದಿ ತಾನಾಗೇ ನಿಲ್ಲುತ್ತೆ. ಆದ್ರೆ ಇದರ ಹೊರಮೈಯಲ್ಲಿರೋ ಒಂದು ಅಂಶಕ್ಕೂ ನಮ್ಮ ನರಗಳಲ್ಲಿರೋ ಅಂಶಕ್ಕೂ ಹೋಲಿಕೆ ಇರೋದ್ರಿಂದ, ಬ್ಯಾಕ್ಟೀರಿಯಾ ಕೊಲ್ಲೋಕೆ ಅಂತ ದೇಹ ತಯಾರು ಮಾಡಿದ ಆಂಟಿಬಾಡಿಗಳು ಕೆಲವರಲ್ಲಿ ನರಗಳ ಮೇಲೇ ತಿರುಗಿ ಬೀಳ್ತವೆ, ಗಿಲನ್ ಬಾರೆ ಸಿಂಡ್ರೋಮ್ ಅನ್ನೋ ನರದ ಕಾಯಿಲೆ ಬರೋದು ಹೀಗೆ. ಈ ಸೋಂಕಾದವರಲ್ಲಿ ಸುಮಾರು 1000ಕ್ಕೆ ಒಬ್ಬರಿಗೆ ಆಗುತ್ತೆ, ಅದೂ ಹೆಚ್ಚಾಗಿ 1ರಿಂದ 3 ವಾರ ಬಿಟ್ಟು. ಮೊದಲು ಕಾಲು ಜೋಮು ಹಿಡಿಯುತ್ತೆ, ಆಮೇಲೆ ಮೆಟ್ಟಿಲು ಹತ್ತೋಕಾಗಲ್ಲ, ಜೋರಾದ್ರೆ ಉಸಿರಾಡೋಕೂ ಆಗದೆ ವೆಂಟಿಲೇಟರ್ ಹಾಕಬೇಕಾಗುತ್ತೆ. ಬೇಗ ಗೊತ್ತಾದ್ರೆ ಚಿಕಿತ್ಸೆ ಇದೆ, ಈ ಲಕ್ಷಣ ಕಾಣಿಸಿದ ಮೊದಲ 2 ವಾರದೊಳಗೆ ಶುರು ಮಾಡಿದ್ರೆ ಗುಣ ಜಾಸ್ತಿ, ಹಾಗಾಗಿ ಒಂದೊಂದು ದಿನಾನೂ ಮುಖ್ಯ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ವಿಷ ಉತ್ಪತ್ತಿ ಮಾಡೋ ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳಿಂದ ರಕ್ತಭೇದಿ ಆದಾಗ, ಭೇದಿ ಕಮ್ಮಿ ಆಗ್ತಿರೋ ಹೊತ್ತಿಗೇ ಕಿಡ್ನಿ ಕೈಕೊಡಬಹುದು. ಮಗು ಬಿಳಿಚಿಕೊಂಡಿದ್ರೆ, ಮೂತ್ರ ಕಮ್ಮಿ ಮಾಡ್ತಿದ್ರೆ, ಮುಖ ಊದಿದ್ರೆ ಕಾಯಬೇಡಿ. ರಕ್ತಭೇದಿಗೆ ಮೆಡಿಕಲ್ ಶಾಪಿಂದ ನೀವೇ ಆಂಟಿಬಯೋಟಿಕ್ಕು, ಭೇದಿ ನಿಲ್ಲಿಸೋ ಮಾತ್ರೆ ತಂದು ಕೊಡಲೇಬೇಡಿ, ಈ ಸೋಂಕಲ್ಲಿ ಅದರಿಂದ ಅಪಾಯ ಹೆಚ್ಚಾಗಬಹುದು.

2000ರಲ್ಲಿ ಕೆನಡಾದ ವಾಕರ್ಟನ್ ಅನ್ನೋ ಊರಲ್ಲಿ ಜೋರು ಮಳೆಗೆ ಸಗಣಿ ನೀರು ಕುಡಿಯೋ ನೀರಿನ ಬಾವಿ ಸೇರಿ, ಕ್ಲೋರಿನ್ ಕೂಡ ಸರಿಯಾಗಿ ಹಾಕಿರದೆ, 2000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ರು, 7 ಜನ ತೀರಿಕೊಂಡ್ರು. ಅಲ್ಲಿಯವರನ್ನ ವರ್ಷಗಟ್ಟಲೆ ಪರೀಕ್ಷೆ ಮಾಡ್ತಾ ಬಂದ್ರು. 8 ವರ್ಷ ಕಳೆದ್ರೂ ಕೆಲವರಿಗೆ ಹೊಟ್ಟೆ ಸರಿ ಹೋಗಿರಲಿಲ್ಲ, ಬಿಪಿ ಮತ್ತೆ ಕಿಡ್ನಿ ತೊಂದರೆ ಕೂಡ ಜೋರಾಗಿ ಕಾಯಿಲೆ ಬಿದ್ದವರಲ್ಲೇ ಹೆಚ್ಚಿತ್ತು.

ಸಾಲ್ಮೊನೆಲ್ಲಾ, ಶಿಗೆಲ್ಲಾ ಅನ್ನೋ ಬ್ಯಾಕ್ಟೀರಿಯಾಗಳ ಸೋಂಕು ಆದ್ಮೇಲೆ ಮಂಡಿ, ಹಿಮ್ಮಡಿ ಊದಿಕೊಂಡು ಕಣ್ಣು ಕೆಂಪಾಗೋದೂ ಉಂಟು. ಇದೆಲ್ಲಕ್ಕಿಂತ ಸಾಮಾನ್ಯವಾದದ್ದು ಅಂದ್ರೆ ಐಬಿಎಸ್, ಅಂದ್ರೆ ಪದೇ ಪದೇ ಹೊಟ್ಟೆ ನೋವು, ಭೇದಿ ಇಲ್ಲಾ ಮಲಬದ್ಧತೆ ಕಾಡೋ ತೊಂದರೆ, ಹೊಟ್ಟೆ ಸೋಂಕಾದ ಸುಮಾರು 10 ಜನರಲ್ಲಿ ಒಬ್ಬರಿಗೆ ಬರುತ್ತೆ. ಸ್ಕ್ಯಾನು, ಬ್ಲಡ್ ಟೆಸ್ಟು ಎಲ್ಲ ನಾರ್ಮಲ್ ಬಂದು, ನಿನಗೇನೂ ಆಗಿಲ್ಲ ಸುಮ್ನೆ ಟೆನ್ಶನ್ ಮಾಡ್ಕೋತೀಯ ಅಂತ ಮನೆಯವರೇ ಬೈತಾರಲ್ಲ, ಅದು ನನಗೆ ತುಂಬಾ ಬೇಜಾರಾಗೋ ವಿಷಯ, ಯಾಕಂದ್ರೆ ಆ ನೋವು ನಿಜವಾದ್ದೇ.

ಮಂಡಿ ನೋವಿಗೆ ಮೂಳೆ ಡಾಕ್ಟ್ರು, ಜೋಮಿಗೆ ನರದ ಡಾಕ್ಟ್ರು ಅಂತ ಬೇರೆ ಬೇರೆ ಕಡೆ ಹೋಗ್ತೀವಿ, ಹೋದ ತಿಂಗಳು ಭೇದಿ ಆಗಿತ್ತು ಅಂತ ನಾವೂ ಹೇಳಲ್ಲ, ಎಷ್ಟೋ ಕಡೆ ಅವರೂ ಕೇಳಲ್ಲ. ರೋಗಿಗಳು ತಾವಾಗೇ ಹೇಳಬೇಕು, ಡಾಕ್ಟ್ರುಗಳು ಕೇಳಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ತಿಂಗಳು ಏನೇನು ಗಮನಿಸಬೇಕು ಅಂತ ಆಸ್ಪತ್ರೆಯವರು ಎರಡು ಸಾಲು ಬರೆಯಬೇಕು. ನೀವೂ ಇನ್ನೊಂದು ಸಲ ಫುಡ್ ಪಾಯ್ಸನ್ ಸುದ್ದಿ ಹಾಕುವಾಗ ಈ ಲಕ್ಷಣಗಳನ್ನ ಪಕ್ಕದಲ್ಲೇ ಒಂದು ಬಾಕ್ಸ್ ಮಾಡಿ ಹಾಕಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಓದುಗ