ಸೀವಾಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಈಜಿಪ್ಟ್‌ನ ಮರುಭೂಮಿಯ ಓಯಸಿಸ್ ಊರು ಸೀವಾಕ್ಕೆ ಬರುವವರು ಇದನ್ನು ಪೂರ್ತಿ ಓದಿ. ಬರೀ ಹೆಬ್ಬೆರಳು ಒತ್ತಿ ಸುಮ್ನೆ ಆಗಬೇಡಿ!

ಮರುಭೂಮಿ ಅಂತ ಸೆಕೆಯ ಬಟ್ಟೆ ಮಾತ್ರ ತುಂಬಿಕೊಳ್ಳಬೇಡಿ. ಚಳಿಗಾಲದ ರಾತ್ರಿ ಅಲ್ಲಿ ಚಳಿ ಜಾಸ್ತಿ. ಸ್ವೆಟರ್ ಬೇಕೇ ಬೇಕು. ಊರಿನವರು ಸಂಪ್ರದಾಯಸ್ಥರು, ಮೈತುಂಬ ಬಟ್ಟೆ ಹಾಕಿಕೊಂಡರೆ ನಮಗೂ ಹಿತ, ಅವರಿಗೂ ಹಿತ. ಅವರ ಮನೆಮಾತು ಅರಬ್ಬಿ ಅಲ್ಲ, ಸೀವಿ.

ಸೀವಾ ಸಮುದ್ರಮಟ್ಟಕ್ಕಿಂತ ಕೆಳಗಿರುವ ತಗ್ಗು. ನೆಲದಿಂದ ಬುಗ್ಗೆಗಳು ಚಿಮ್ಮುತ್ತವೆ, ಆ ನೀರಿಗೇ ಖರ್ಜೂರ, ಆಲಿವ್ ತೋಟ. ಆದರೆ ಹೆಚ್ಚಾದ ನೀರು ಹರಿದುಹೋಗಲು ದಾರಿಯಿಲ್ಲ. ತಗ್ಗಿನಲ್ಲೇ ನಿಂತು, ಬಿಸಿಲಿಗೆ ಆರಿ, ಉಪ್ಪಿನ ಕೆರೆಯಾಗುತ್ತದೆ. ನಮ್ಮ ಮಂಡ್ಯದ ಕಡೆ ನಾಲೆ ನೀರು ಜಾಸ್ತಿಯಾಗಿ ಗದ್ದೆ ಚೌಳಾಗುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆ ಕೆರೆಯಲ್ಲಿ ಈಜು ಬಾರದವರೂ ತೇಲಬಹುದು. ಮೈಮೇಲೆ ತರಚು ಗಾಯವಿದ್ದರೆ ಮಾತ್ರ ಇಳಿಯಬೇಡಿ, ಉರಿ ತಡೆಯಲಾಗದು.

ಸೀವಾದ ಹಳೆಯ ಶಾಲಿ ಕೋಟೆಯನ್ನು ಕಟ್ಟಿದ್ದು ಉಪ್ಪುಗಟ್ಟಿದ ಮಣ್ಣಿನಿಂದ. 1926ರಲ್ಲಿ ಮೂರು ದಿನ ಮಳೆ ಸುರಿದು ಬಹುಪಾಲು ಕರಗಿಹೋಯಿತಂತೆ. ಗೋಡೆ ಹತ್ತಬೇಡಿ. ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ದೈವವಾಣಿ ಕೇಳಲು ಬಂದ, ಪ್ರಾಚೀನ ಈಜಿಪ್ಟಿನ ದೇವರು ಅಮುನ್‌ನ ಗುಡಿಯೂ ಹತ್ತಿರದಲ್ಲೇ ಇದೆ. ನನಗಂತೂ ಕೋಟೆಯೇ ಹೆಚ್ಚು ಇಷ್ಟ.

ಕೈಯಲ್ಲಿ ನಗದು ಇರಲಿ. ಚಟ್ನಿಪುಡಿ, ಕೋಡುಬಳೆ ಯಾರು ತರುತ್ತೀರಿ?

ಭಾನುವಾರ ಬೆಳಗ್ಗೆ 7ಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರೋಣ. ಪಾಸ್‌ಪೋರ್ಟ್ ಪ್ರತಿ ಮರೆಯದೆ ತನ್ನಿ, ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.