ಗಾಲಮ್ ತೆರೆಗೆ ಬರುವ ಮುನ್ನ

ನಲ್ಮೆಯ ತಂಗಿ,

ನೀನು ಕಳಿಸಿದ ಲೇಖನವನ್ನೂ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನೂ ಓದಿದೆ. ಲೇಖನದ ಮಾತು ಮೊದಲು ಮುಗಿಸಿಬಿಡೋಣ. ಅದರಲ್ಲಿ ಲವಲವಿಕೆ ಇದೆ, ವಾಕ್ಯಗಳು ಎಲ್ಲೂ ಎಡವುವುದಿಲ್ಲ. ತೊಂದರೆ ಏನೆಂದರೆ, ಇನ್ನೂ ಯಾರೂ ನೋಡಿರದ ಸಿನಿಮಾಕ್ಕೆ ನೀನು ವಿಮರ್ಶೆ ಬರೆದಿದ್ದೀಯ. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಉಂಗುರದ ಗೀಳು ಹತ್ತಿದ ಗಾಲಮ್ ಎಂಬ ಜೀವಿಯ ಬೇಟೆಯ ಕಥೆ, ‘ದಿ ಹಂಟ್ ಫಾರ್ ಗಾಲಮ್’, 2027ರ ಡಿಸೆಂಬರ್‌ಗೆ ಎಂದು ಘೋಷಿಸಿದ್ದಾರೆ. ಆಂಡಿ ಸರ್ಕಿಸ್ ನಿರ್ದೇಶಿಸುತ್ತಾರೆ, ಗಾಲಮ್ ಕೂಡ ಅವರೇ. ನಮಗೆ ಗೊತ್ತಿರುವುದು ಹೆಚ್ಚುಕಮ್ಮಿ ಇಷ್ಟು. ನೀನಾಗಲೇ ಕಾಸ್ಟಿಂಗ್ ಸರಿಯಿಲ್ಲ, ಗ್ರಾಫಿಕ್ಸ್ ಅತಿಯಾಗುತ್ತದೆ, ಸಂಗೀತ ಹೀಗೇ ಇರಬೇಕು ಎಂದು ಪುಟಗಟ್ಟಲೆ ತೀರ್ಪು ಕೊಟ್ಟಿದ್ದೀಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ನೀನು ಕುಲಾವಿ ಬಿಗಿಯಾಯಿತು ಅಂತ ದರ್ಜಿಯ ಜತೆ ಜಗಳಕ್ಕೂ ನಿಂತಿದ್ದೀಯ.

ಕಾಯಬೇಡ ಅನ್ನುತ್ತಿಲ್ಲ. ಜೀವದ ಕಥೆಯೊಂದು ಸಿನಿಮಾ ಆಗುತ್ತದೆ ಅಂದಾಗ ಹೊಟ್ಟೆಯಲ್ಲಿ ಆಗುವ ತಳಮಳ ನನಗೂ ಗೊತ್ತು. ಆ ಕಾದಂಬರಿಯಿಂದ ಪೀಟರ್ ಜಾಕ್ಸನ್ ಮಾಡಿದ ಮೂರು ಚಿತ್ರಗಳಲ್ಲಿ ಮೊದಲನೆಯದರ ತುಣುಕನ್ನು 2000ದ ಏಪ್ರಿಲ್‌ನಲ್ಲಿ ಅಂತರ್ಜಾಲಕ್ಕೆ ಬಿಟ್ಟಾಗ ಒಂದೇ ದಿನದಲ್ಲಿ 17 ಲಕ್ಷ ಸಲ ಅದು ಡೌನ್‌ಲೋಡ್ ಆಯಿತು. ಟೆಲಿಫೋನ್ ತಂತಿಯಲ್ಲಿ ನೆಟ್ ಕುಂಟುತ್ತಿದ್ದ ಕಾಲ ಅದು. ಎರಡು ನಿಮಿಷದ ತುಣುಕು ಇಳಿಯಲು ಎಷ್ಟು ಹೊತ್ತು ಬೇಕಿತ್ತು ಎಂದು ನಿನ್ನ ವಯಸ್ಸಿನವರಿಗೆ ಹೇಳಿದರೆ ನಂಬುವುದಿಲ್ಲ. ಸಿನಿಮಾ ಬಂದದ್ದು 2001ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಜನ ಆ ತುಣುಕನ್ನೇ ಹಿಂದೆ ಮುಂದೆ ಮಾಡಿ ನೋಡಿಕೊಂಡಿದ್ದರು. ಪುಸ್ತಕ ಮೂರು ಸಂಪುಟಗಳಲ್ಲಿ ಹೊರಬಂದದ್ದು 1954-55ರಲ್ಲಿ. ಅವತ್ತು ಓದಿದ ಇಪ್ಪತ್ತರ ಹುಡುಗನೊಬ್ಬ ಜಾಕ್ಸನ್ನರ ಚಿತ್ರ ನೋಡುವ ಹೊತ್ತಿಗೆ ಪಿಂಚಣಿ ತೆಗೆದುಕೊಳ್ಳುತ್ತಿದ್ದಿರಬೇಕು. ನಡುವೆ 1978ರಲ್ಲಿ ರಾಲ್ಫ್ ಬಕ್ಷಿಯ ಕಾರ್ಟೂನ್ ಚಿತ್ರ ಬಂತು, ಕಥೆಯ ಅರ್ಧಕ್ಕೇ ನಿಂತಿತು.

ಈ ಕಾಯುವ ದಿನಗಳಲ್ಲಿ ಏನು ಮಾಡುತ್ತೀ ಅನ್ನುವುದಷ್ಟೇ ನನ್ನ ತಕರಾರು. ನೀನು ಬರೀ ಅಭಿಮಾನಿಯಾಗಿದ್ದರೆ ಹೇಗೆ ಬೇಕಾದರೂ ಕಾಯಬಹುದಿತ್ತು. ಬರೆಯುವವಳು ನೀನು. ಸಿನಿಮಾ ಬರುವ ಮೊದಲಿನ ಈ ಸಮಯ ನಿನಗೆ ಮತ್ತೆ ಸಿಗುವುದಿಲ್ಲ.

ಪುಸ್ತಕ ತೆಗೆ. ಗಾಲಮ್‌ನ ಬೇಟೆ ಅದರಲ್ಲಿ ಎಲ್ಲಿದೆ ಹುಡುಕು. ಕಣ್ಣೆದುರು ಎಲ್ಲೂ ನಡೆಯುವುದೇ ಇಲ್ಲ! ಒಂದು ಬೆಳಿಗ್ಗೆ ಕಥಾನಾಯಕ ಫ್ರೋಡೋ ಎಂಬ ಹಾಬಿಟ್‌ನ, ಅಂದರೆ ಕುಳ್ಳ ಜನರಲ್ಲೊಬ್ಬನ, ಮನೆಯಲ್ಲಿ ಕೂತು ಮಾಂತ್ರಿಕ ಗ್ಯಾಂಡಾಲ್ಫ್ ಒಂದಿಷ್ಟು ಹೇಳುತ್ತಾನೆ. ಬಹಳ ಪುಟಗಳ ನಂತರ, ಎಲ್ಫ್ ಎಂಬ ಸಾವಿಲ್ಲದ ಜನರ ನೆಲೆಯಾದ ರಿವೆಂಡೆಲ್‌ನ ಸಭೆಯಲ್ಲಿ, ಅಲೆಮಾರಿ ಯೋಧ ಆರಾಗಾರ್ನ್ ಎದ್ದು ತನ್ನ ಪಾಲಿನದ್ದನ್ನು ಹೇಳುತ್ತಾನೆ: ಹುಡುಕಿ ಹುಡುಕಿ ಸಾಕಾಗಿ ಹೊರಟಿದ್ದೆ, ಸತ್ತವರ ಜೌಗಿನ ಅಂಚಿನಲ್ಲಿ ಕೆಸರಿನ ಮೇಲೆ ಮೆತ್ತನೆಯ ಹೆಜ್ಜೆಗಳು ಕಂಡವು, ಹಿಂಬಾಲಿಸಿದೆ, ಮುಸ್ಸಂಜೆ ನಿಂತ ನೀರಿನೊಳಗೆ ಇಣುಕುತ್ತಿದ್ದವನನ್ನು ಹಿಡಿದೆ. ಮೈಯೆಲ್ಲ ಹಸಿರು ಲೋಳೆ. ಅವನು ಕಚ್ಚಿದ, ನಾನೂ ಮೃದುವಾಗೇನೂ ನಡೆದುಕೊಳ್ಳಲಿಲ್ಲ. ಆ ಬಾಯಿಂದ ನನಗೆ ಸಿಕ್ಕಿದ್ದು ಹಲ್ಲಿನ ಗುರುತು ಮಾತ್ರ. ಹುಡುಕಿದ್ದಕ್ಕಿಂತ ಕಷ್ಟ ವಾಪಸು ಕರೆತರುವ ದಾರಿ. ಕೊರಳಿಗೆ ಹಗ್ಗ ಹಾಕಿ, ಬಾಯಿ ಕಟ್ಟಿ, ಹಗಲೂ ರಾತ್ರಿ ಕಾದು ಮುಂದೆ ನಡೆಸಿಕೊಂಡು ಬಂದೆ. ಇಷ್ಟು ಹೇಳಿ ಮುಗಿಸುತ್ತಾನೆ. ಟೋಲ್ಕಿನ್ ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ 1980ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ ಆ ದಾರಿಯ ಲೆಕ್ಕವಿದೆ: ಹತ್ತಿರಹತ್ತಿರ 900 ಮೈಲಿ, 50 ದಿನ. ಸಭೆಯಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕಾರು ವಾಕ್ಯ.

ಇನ್ನೂ ಮುಗಿದಿಲ್ಲ. ಅದೇ ಸಭೆಯಲ್ಲಿ ಲೆಗೊಲಾಸ್ ಎಂಬ ಎಲ್ಫ್ ಬಾಯಿಬಿಡುತ್ತಾನೆ: ಗಾಲಮ್ ತಪ್ಪಿಸಿಕೊಂಡಿದ್ದಾನೆ. ಹೇಗೆ? ಕಾವಲಿದ್ದ ಎಲ್ಫ್‌ಗಳಿಗೆ ಪಾಪ ಅನ್ನಿಸಿ, ಅವನನ್ನು ಸದಾ ನೆಲಮಾಳಿಗೆಯಲ್ಲಿ ಇಡಲು ಮನಸ್ಸಾಗದೆ, ಗಾಳಿಗೆ ಅಂತ ಮರ ಹತ್ತಲು ಬಿಡುತ್ತಿದ್ದರು. ಒಂದು ದಿನ ಹತ್ತಿದವನು ಇಳಿಯಲಿಲ್ಲ. ಆರಾಗಾರ್ನ್ 50 ದಿನ ಹಗ್ಗ ಹಿಡಿದು ತಂದದ್ದು ಒಂದು ಕರುಣೆಯಿಂದ ಕೈಜಾರಿತು. ಆರಾಗಾರ್ನ್ ಕೂಡ ಅಲ್ಲೇ ಕೂತು ಕೇಳುತ್ತಿದ್ದಾನೆ.

ಒಂದು ಬೇಟೆಯನ್ನು ಮೂವರು ಮೂರು ತುಂಡು ಮಾಡಿ ಹೇಳುತ್ತಾರೆ, ಉಳಿದದ್ದನ್ನು ನಾವು ಕಟ್ಟಿಕೊಳ್ಳಬೇಕು. ಜಾಕ್ಸನ್ನರ 2001ರ ಚಿತ್ರ ಆರಾಗಾರ್ನ್‌ನ ಬೇಟೆಯನ್ನು ಪೂರ್ತಿ ಕೈಬಿಟ್ಟಿತ್ತು; ಗಾಲಮ್‌ನನ್ನು ಹುಡುಕಿದೆ, ಶತ್ರುವಿಗೆ ಮೊದಲು ಸಿಕ್ಕಿಬಿಟ್ಟ ಎಂದು ಗ್ಯಾಂಡಾಲ್ಫ್ ಹೇಳಿದಲ್ಲಿಗೆ ಮುಗಿಯಿತು. ಆ ಖಾಲಿ ಜಾಗದಲ್ಲೇ ಹೊಸ ಚಿತ್ರ ಬಂದು ಕೂರುತ್ತಿದೆ. ಅದು ತೋರಿಸಲೇಬೇಕು, ಬೇರೆ ದಾರಿಯಿಲ್ಲ. ಜೌಗು, ಲೋಳೆ, ಹಗ್ಗ ಎಲ್ಲಕ್ಕೂ ಒಂದೊಂದು ಬಣ್ಣ, ಒಂದೊಂದು ಅಳತೆ ಬಂದುಬಿಡುತ್ತದೆ. ಆಮೇಲೆ ನೀನು ಎಷ್ಟೇ ಪಟ್ಟು ಹಿಡಿದು ಪುಸ್ತಕ ಓದಿದರೂ ಕಣ್ಣಿಗೆ ಕಟ್ಟುವುದು ತೆರೆಯ ಮೇಲಿನ ಜೌಗೇ. ಅದಕ್ಕೇ ಹೇಳುವುದು, ಈಗಲೇ ಬರೆದಿಡು. ನೀನು ಕಂಡ ಹಗ್ಗ ಎಂಥದ್ದು? ಕಚ್ಚಿದ್ದು ಯಾವ ಕೈಗೆ? 50 ದಿನದಲ್ಲಿ ಅವರಿಬ್ಬರೂ ಒಮ್ಮೆಯಾದರೂ ಮಾತಾಡಿರಬಹುದೇ? ಲೇಖನಕ್ಕಾಗಿ ಅಲ್ಲ, ನಿನ್ನ ನೋಟ್‌ಬುಕ್ಕಿಗೆ. 2009ರಲ್ಲಿ ಕೆಲವು ಅಭಿಮಾನಿಗಳು ಇದೇ ಹೆಸರಿನಲ್ಲಿ ನಲವತ್ತು ನಿಮಿಷದಷ್ಟು ಚಿತ್ರವೊಂದನ್ನು ತಾವೇ ತೆಗೆದು ಬಿಟ್ಟಿಯಾಗಿ ಅಂತರ್ಜಾಲಕ್ಕೆ ಹಾಕಿದ್ದರು. ಅವರು ಕಾದ ರೀತಿ ನನಗೆ ಇಷ್ಟ.

ಈಗಾಗಲೇ ಕಳೆದುಹೋದದ್ದಕ್ಕೆ ಒಂದು ಉದಾಹರಣೆ ಬೇಕೇ? ಫ್ರೋಡೋನ ವಯಸ್ಸು ಎಷ್ಟು ಅಂತ ನಿನ್ನ ಗೆಳತಿಯರನ್ನು ಕೇಳಿ ನೋಡು. ಪುಸ್ತಕದಲ್ಲಿ ಉಂಗುರ ಕೈಗೆ ಬರುವಾಗ ಅವನಿಗೆ 33, ಮನೆ ಬಿಟ್ಟು ಹೊರಡುವಾಗ 50. ನಡುವೆ ಹದಿನೇಳು ವರ್ಷ ಅವನು ತೋಟ, ನೆರೆಹೊರೆ, ಹುಟ್ಟುಹಬ್ಬ ಅಂತ ಸುಖವಾಗಿ ಬದುಕಿದ್ದಾನೆ, ಲೋಕವನ್ನೇ ಮುಳುಗಿಸುವ ವಸ್ತುವೊಂದನ್ನು ಹತ್ತಿರ ಇಟ್ಟುಕೊಂಡು. ಚಿತ್ರೀಕರಣ ಶುರುವಾದಾಗ ಎಲೈಜಾ ವುಡ್‌ಗೆ 18. ಹದಿನೇಳು ವರ್ಷ ಹಾರಿಹೋದವು. ಸಿನಿಮಾಕ್ಕೆ ಅದು ಬೇಕಾಗಿತ್ತು, ನಾನು ದೂರುವುದಿಲ್ಲ. ಆದರೆ ನಡುವಯಸ್ಸಿನ ಗೃಹಸ್ಥನೊಬ್ಬ ಬೆಚ್ಚಗಿನ ಮನೆ ಮಾರಿ ಹೊರಡುವ ಸಂಕಟ ಹುಡುಗನೊಬ್ಬ ಮನೆ ಬಿಟ್ಟು ಓಡುವುದಕ್ಕಿಂತ ಬೇರೆಯದು. ನೀನು ಸಿನಿಮಾ ನೋಡಿ ಪುಸ್ತಕ ಓದಿದವಳು. ಆ ಐವತ್ತರ ಮುಖ ನಿನಗೆ ಎಂದಾದರೂ ಕಂಡಿದೆಯೇ?

‘ಮೂಲಕ್ಕೆ ದ್ರೋಹ’ ಅನ್ನುವ ಮಾತನ್ನು ಲೇಖನದಲ್ಲಿ ಧಾರಾಳವಾಗಿ ಬಳಸಿದ್ದೀಯ. ಟೋಲ್ಕಿನ್ ಇದರ ಬಗ್ಗೆ ಏನು ಯೋಚಿಸಿದ್ದರು ಗೊತ್ತೇ? 1957ರಲ್ಲಿ ಅಮೆರಿಕದ ಕೆಲವರು ಸಿನಿಮಾ ಮಾಡುತ್ತೇವೆಂದು ಬಂದರು. ಟೋಲ್ಕಿನ್ ಮತ್ತು ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ತಮ್ಮೊಳಗೆ ಮಾತಾಡಿಕೊಂಡ ನೀತಿ: ಕಲೆ ಇಲ್ಲವೇ ಕಾಸು. ಕೈತುಂಬ ಹಣ ಕೊಡಿ, ಇಲ್ಲವಾದರೆ ಬದಲಾವಣೆಗಳನ್ನು ಬೇಡ ಅನ್ನುವ ಅಧಿಕಾರ ಕೊಡಿ. ಮರುವರ್ಷ ಚಿತ್ರಕಥೆಯ ರೂಪರೇಷೆ ಕೈಗೆ ಬಂದಾಗ ಅವರು ಸಾಲು ಸಾಲಾಗಿ ಜಾಲಾಡಿದರು. ಹದ್ದುಗಳನ್ನು ಕಂಡಕಂಡಲ್ಲಿ ಹಾರಿಸಿದ್ದಕ್ಕೆ ಸಿಟ್ಟು, ಎಲ್ಫ್‌ಗಳ ಬುತ್ತಿರೊಟ್ಟಿಯನ್ನು ಯಾವುದೋ ಗಟ್ಟಿಗೊಳಿಸಿದ ಆಹಾರದಂತೆ ಕರೆದದ್ದಕ್ಕೆ ಸಿಟ್ಟು, ಹಾಬಿಟ್‌ಗಳ ಕೈಗೆ ಉದ್ದುದ್ದ ಸ್ಯಾಂಡ್‌ವಿಚ್ ಕೊಟ್ಟದ್ದಕ್ಕೂ ಸಿಟ್ಟು. ಓದಿದರೆ ನಗು ಬರುತ್ತದೆ, ಟೀಸರ್ ನೋಡಿ ರೇಗುವ ಅಭಿಮಾನಿಯ ಹಾಗೇ ಇದ್ದಾರೆ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಅದು ಅಭಿಮಾನಿಯ ಬಾಯಲ್ಲಿ ಬರುವಂಥದ್ದಲ್ಲ. ಮರದಂಥ ಎಂಟ್‌ಗಳ ಪ್ರಸಂಗ, ಹಾರ್ನ್‌ಬರ್ಗ್ ಕೋಟೆಯ ಕಾಳಗ ಎರಡಕ್ಕೂ ಸಾಕಷ್ಟು ಜಾಗ ಇಲ್ಲದಿದ್ದರೆ ಒಂದನ್ನು ಪೂರ್ತಿ ತೆಗೆದುಬಿಡಿ, ತೆಗೆಯುವುದಾದರೆ ಕಾಳಗವನ್ನೇ ತೆಗೆಯಿರಿ, ಮುಖ್ಯ ಕಥೆಗೆ ಅದು ಅಷ್ಟೇನೂ ಬೇಕಿಲ್ಲ ಅನ್ನುತ್ತಾರೆ. ತಾನೇ ಬರೆದ ಯುದ್ಧವನ್ನು! ತಿರುಳು ಎಲ್ಲಿದೆ ಎಂದು ಕಾಣದವರು ಬೇಡದ್ದನ್ನು ತುರುಕುತ್ತಾರೆ, ಇದ್ದದ್ದನ್ನು ಉಬ್ಬಿಸುತ್ತಾರೆ ಎಂಬುದು ಅವರ ದೂರಿನ ಸಾರ. ಆ ಸಿನಿಮಾ ಆಗಲೇ ಇಲ್ಲ. 2002ರಲ್ಲಿ ಜಾಕ್ಸನ್ ಎಂಟ್‌ಗಳನ್ನೂ ಇಟ್ಟುಕೊಂಡರು, ಆದರೆ ಪುಸ್ತಕದಲ್ಲಿ ಒಂದು ಅಧ್ಯಾಯದಷ್ಟಿದ್ದ ಆ ಕಾಳಗವೇ ಎರಡನೇ ಚಿತ್ರದ ಶಿಖರವಾಯಿತು. ಮಳೆ, ಏಣಿಗಳು, ಕತ್ತಲಲ್ಲಿ ಕಾದು ನಿಂತ ಮುದುಕರು ಮತ್ತು ಹುಡುಗರು, ಥಿಯೇಟರಿನಲ್ಲಿ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಟೋಲ್ಕಿನ್ ಹೇಳಿದ್ದೂ ಸರಿ, ಜಾಕ್ಸನ್ ಮಾಡಿದ್ದೂ ಸರಿ ಎಂದು ಇವತ್ತಿಗೂ ಅನ್ನಿಸುತ್ತದೆ. ನೀನು ಯಾವ ಪಕ್ಷಕ್ಕಾದರೂ ಸೇರು, ಆದರೆ ಬಟ್ಟೆಯ ಬಣ್ಣ, ಕಿವಿಯ ಚೂಪು ಇವಕ್ಕೆ ತಲೆ ಕೆಡಿಸಿಕೊಂಡು ತಿರುಳನ್ನು ಮರೆಯಬೇಡ.

ಬಣ್ಣವೇ ತಿರುಳಾಗುವುದೂ ಉಂಟು, ಅದು ಬೇರೆ ಮಾತು. ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕಥೆಗಳ ನಾಯಕ ಕಂದುಗೆಂಪು ಮೈಬಣ್ಣದವನು. 2004ರ ಅಮೆರಿಕದ ಟಿವಿ ಸರಣಿ ಅವನನ್ನು ಬಿಳಿಯನನ್ನಾಗಿಸಿತು. ಆಕೆ ಸುಮ್ಮನಿರಲಿಲ್ಲ, ಬಹಿರಂಗವಾಗಿ ಬರೆದು ಝಾಡಿಸಿದರು. ಎರಡು ವರ್ಷದ ನಂತರ ಜಪಾನಿನ ಘಿಬ್ಲಿ ಸ್ಟುಡಿಯೋದವರು ಕಥೆಯನ್ನು ಬೇಕಾದಷ್ಟು ತಿರುಚಿದಾಗ ನಿರ್ದೇಶಕನಿಗೆ, ಇದು ನನ್ನ ಪುಸ್ತಕವಲ್ಲ, ನಿನ್ನ ಸಿನಿಮಾ, ಚೆನ್ನಾಗಿದೆ ಅಂದರು.

ನಮ್ಮಲ್ಲೇ ನೋಡು. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಮರವಾಗುವ ಹುಡುಗಿಯ ಕನ್ನಡ ಜನಪದ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಹಿಂದಿಯಲ್ಲಿ ತೆಗೆದರು. ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಒಂದು ಚಿಗುರೂ ಮುರಿಯಬಾರದು. ಕಥೆಯಲ್ಲಿ ನಾದಿನಿ ಮತ್ತವಳ ಗೆಳತಿಯರು ಮುರಿದುಹಾಕಿದ ಕೊಂಬೆಗಳನ್ನು ಕೊನೆಗೆ ಗಂಡ ಜೋಡಿಸುತ್ತಾನೆ, ಅವಳು ಹೆಣ್ಣಾಗುತ್ತಾಳೆ. ಸಿನಿಮಾದಲ್ಲಿ ಆ ಬಿಡುಗಡೆ ಇಲ್ಲ, ಕಾಡು ಕಡಿಯುವ ಕಾಲದ ಕಥೆಯಾಗಿ ಅದು ನಿಲ್ಲುತ್ತದೆ. ಹೇಳುವ ಅಜ್ಜಿ ಬದಲಾದಾಗಲೆಲ್ಲ ಕೊನೆ ಬದಲಾಗುವ ಕಥೆಗಳ ನಡುವೆ ಬೆಳೆದ ನಾವು ಮೂಲ, ದ್ರೋಹ ಅಂತೆಲ್ಲ ಬಾಯಿಬಡಿದುಕೊಳ್ಳುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ.

ಇನ್ನು ನಿನ್ನ ಕಾದಂಬರಿ. ಸಿಟ್ಟು ಮಾಡಿಕೊಳ್ಳಬೇಡ. ಮೊದಲ ಪುಟ ಡ್ರೋನ್ ಶಾಟ್. ಮೋಡದ ಮೇಲಿಂದ ಬೆಟ್ಟ, ಬೆಟ್ಟದಿಂದ ಕೆರೆ, ಕೆರೆಯಿಂದ ಊರು, ಊರಿಂದ ನಾಯಕಿಯ ಕಣ್ಣು. ಯಾವ ಜೀವ ಇದನ್ನೆಲ್ಲ ನೋಡುತ್ತಿದೆ? ಯಾರೂ ಇಲ್ಲ, ಕ್ಯಾಮೆರಾ ಮಾತ್ರ. ಮೂರನೇ ಅಧ್ಯಾಯದಲ್ಲಿ ಕೆರೆಯ ತೂಬಿನಿಂದ ಒಂದು ವಿಚಿತ್ರ ಜೀವ ಹೊರಗೆ ಬರುತ್ತದಲ್ಲ, ಅದರ ಕೊಂಬು, ಹುರುಪೆ, ಕಣ್ಣಿನ ಹೊಳಪು, ಬಾಲದ ಉದ್ದ ಅಂತ ಎರಡು ಪುಟ ಇದೆ. ಗ್ರಾಫಿಕ್ಸ್ ಮಾಡುವವರಿಗೆ ಕೊಟ್ಟ ಆರ್ಡರಿನ ಹಾಗೆ ಓದಿಸಿಕೊಳ್ಳುತ್ತದೆ. ನಿನ್ನ ಪತ್ರದ ಕೊನೆಯಲ್ಲಿ ‘ಮುಂದೆ ಯಾರಾದರೂ ಸಿನಿಮಾ ಮಾಡಬಹುದು ಅಕ್ಕ’ ಅಂತ ಬರೆದದ್ದನ್ನು ಓದಿದ ಮೇಲೆ ಯಾಕೆ ಹೀಗಾಯಿತು ಎಂದು ತಿಳಿಯಿತು.

ಎರಡನೇ ಅಧ್ಯಾಯ ಮಾತ್ರ ಬೇರೆ ಯಾರೋ ಬರೆದಂತಿದೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕೆರೆಯ ಕಡೆಯ ಕಿಟಕಿ ಮುಚ್ಚುತ್ತಾಳೆ, ಮಕ್ಕಳು ಯಾಕೆ ಅಂದರೆ ಸೊಳ್ಳೆ ಅನ್ನುತ್ತಾಳೆ. ಬೇಸಿಗೆಯಲ್ಲಿ ಕೆರೆ ಬತ್ತಿ ಒಂದೂ ಸೊಳ್ಳೆ ಇಲ್ಲದಾಗಲೂ ಸೊಳ್ಳೆ ಅನ್ನುತ್ತಾಳೆ. ಹೂಳಿನ ವಾಸನೆ ಬಂದ ರಾತ್ರಿ ಅವಳು ಎದ್ದು ಕೂತು ಎಲೆಯಡಿಕೆ ಹಾಕಿಕೊಂಡವಳು ಬೆಳಗಾದರೂ ಉಗುಳುವುದಿಲ್ಲ. ಓದುತ್ತ ನನಗೆ ನಿಜಕ್ಕೂ ಭಯವಾಯಿತು. ಅಲ್ಲಿ ಒಂದು ಕೊಂಬೂ ಇಲ್ಲ, ಹುರುಪೆಯೂ ಇಲ್ಲ. ಮುಂದೊಂದು ದಿನ ನಿರ್ದೇಶಕನೊಬ್ಬ ನಿನ್ನ ಮನೆ ಬಾಗಿಲಿಗೆ ಬಂದರೆ ಈ ಅಜ್ಜಿಯನ್ನು ಹುಡುಕಿಕೊಂಡು ಬರುತ್ತಾನೆ. ತೂಬಿನ ಜೀವ ಹೇಗಿರಬೇಕೆಂದು ಅವನು ತಲೆ ಕೆರೆದುಕೊಳ್ಳಲಿ, ಅದು ಅವನ ಕಷ್ಟ.

ನಾರ್ನಿಯಾ ಕಥೆಗಳ ಸಿನಿಮಾ ಬಗ್ಗೆ ನೀನು ಕೇಳಿದ್ದೆ. ನಿರ್ದೇಶಕಿ ಗ್ರೆಟಾ ಗರ್ವಿಗ್ ಹೇಗೆ ತರುತ್ತಾರೋ ನೋಡೋಣ, ನನಗೂ ಕುತೂಹಲವಿದೆ. ಆ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ ಮಾತ್ರ ತಮ್ಮ ಸಿಂಹದ ವೇಷ ಯಾರಾದರೂ ಹಾಕುವುದನ್ನು ಸುತರಾಂ ಒಪ್ಪಿರಲಿಲ್ಲ, ಕಾರ್ಟೂನ್ ಆದರೆ ಆಗಬಹುದೇನೋ ಅಂದಿದ್ದರು. ಈಗಿನ ಗ್ರಾಫಿಕ್ಸ್ ನೋಡಿದ್ದರೆ ಏನು ಹೇಳುತ್ತಿದ್ದರೋ. ಹ್ಯಾರಿ ಪಾಟರ್ ಮತ್ತೆ ಸರಣಿಯಾಗುವುದರಲ್ಲಿ ನನಗೆ ಅಂಥ ಆಸಕ್ತಿ ಇಲ್ಲ. ಹಳೆಯ ಚಿತ್ರಗಳ ಮುಖಗಳು ಇನ್ನೂ ಒಣಗಿಲ್ಲ.

ಲೇಖನವನ್ನು ಪತ್ರಿಕೆಗೆ ಕಳಿಸಬೇಡ. ತೀರ್ಪುಗಳನ್ನೆಲ್ಲ ಕಿತ್ತುಹಾಕಿ, ಲೆಗೊಲಾಸ್ ಮಾತಾಡುವಾಗ ಆರಾಗಾರ್ನ್ ಏನು ಯೋಚಿಸುತ್ತಿದ್ದ ಅನ್ನುವುದರ ಮೇಲೆ ಮೂರು ಪುಟ ಬರೆ, ಅದನ್ನು ನಾನೇ ಸಂಪಾದಕರಿಗೆ ಕೊಡುತ್ತೇನೆ. ಕಾದಂಬರಿಯ ಮೊದಲ ಅಧ್ಯಾಯ ಬಿಟ್ಟು ಅಜ್ಜಿಯಿಂದಲೇ ಶುರುಮಾಡಿ ನೋಡು. ಮೂರನೆಯದು ಯುಗಾದಿಯೊಳಗೆ ತಿದ್ದಿ ಕಳಿಸಿದರೆ ಸಾಕು, ಅವಸರವಿಲ್ಲ. ಯೂನಿಕೋಡ್‌ನಲ್ಲಿ ಕಳಿಸು ಮಾರಾಯ್ತಿ. ಹೋದ ಸಲ ನುಡಿಯಲ್ಲಿ ಟೈಪ್ ಮಾಡಿದ ಫೈಲು ನನ್ನ ಫೋನಿನಲ್ಲಿ ಟೋಲ್ಕಿನ್ನರ ಶತ್ರುವಿನ ನಾಡು ಮಾರ್ಡಾರಿನ ಭಾಷೆಯ ಹಾಗೆ ಕಾಣಿಸಿತು. ಅಮ್ಮನಿಗೆ ನಮಸ್ಕಾರ ಹೇಳು.

ಪ್ರೀತಿಯಿಂದ,
ಅಕ್ಕ