ಐಸಿಟಿಸಿ ಕೋಣೆಯ ಅಕ್ಕನಿಗೆ

ಮೂರು ತಿಂಗಳ ಬಸುರಿಯಾಗಿದ್ದಾಗ ಜಿಲ್ಲಾಸ್ಪತ್ರೆಯಲ್ಲಿ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದ್ದೆ. ಮತ್ತೆ ಬರಲು ಹೇಳಿದರು. ರಕ್ತ ಕಮ್ಮಿ ಇರಬೇಕು ಅಂದುಕೊಂಡು ಹೋದೆ. ಎಚ್‌ಐವಿ ಪಾಸಿಟಿವ್ ಅಂದರು.

ಹೇಳಿದ್ದು ಐಸಿಟಿಸಿಯ, ಅಂದರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರದ, ಕೌನ್ಸೆಲರ್ ಅಕ್ಕ. ಅದಕ್ಕೂ ಮೊದಲು ಎದ್ದು ಬಾಗಿಲು ಹಾಕಿ, ಮೊಬೈಲನ್ನು ಡ್ರಾಯರಿಗೆ ಹಾಕಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಮಗು?"

"ಮಾತ್ರೆ ತಪ್ಪಿಸಬೇಡ. ಮಗುವಿಗೆ ಬರದ ಹಾಗೆ ನೋಡಿಕೊಳ್ಳಬಹುದು" ಅಂದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು: ದಿನಾ ಒಂದು ಮಾತ್ರೆ, ಆಸ್ಪತ್ರೆಯಲ್ಲೇ ಹೆರಿಗೆ, ಹುಟ್ಟಿದ ಕೂಡಲೇ ಮಗುವಿಗೆ ಸೋಂಕು ತಡೆಯುವ ನೆವಿರಪಿನ್ ಸಿರಪ್. ಎಲ್ಲಾ ಉಚಿತ. ಎಆರ್‌ಟಿ ಕೇಂದ್ರ (ಎಚ್‌ಐವಿ ಮಾತ್ರೆ ಕೊಡುವ ಕಡೆ) ತೋರಿಸಲು ಬಂದ ಅಕ್ಕ ಹತ್ತು ಹೆಜ್ಜೆ ಮುಂದೆಯೇ ನಡೆದರು. ನನ್ನ ಜೊತೆ ಕಾಣಿಸಿಕೊಳ್ಳಲು ನಾಚಿಕೆಯೇನೋ ಅಂತ ಸಿಟ್ಟು ಬಂತು. ಯಾರೂ ನನ್ನನ್ನು ಗುರುತಿಸದಿರಲಿ ಅಂತ ಹಾಗೆ ಮಾಡಿದ್ದು ಅಂತ ಆಮೇಲೆ ತಿಳಿಯಿತು.

ಹೆರಿಗೆಯಾದ ಮೇಲೆ ಎದೆಹಾಲು ಕೊಡಲೂ ಹೆದರಿಕೆ. ಅಕ್ಕನಿಗೆ ಫೋನ್ ಮಾಡಿದೆ. "ಆರು ತಿಂಗಳು ನಿನ್ನ ಹಾಲು ಮಾತ್ರ ಕೊಡು, ನೀರೂ ಬೇಡ. ನೀನು ಊಟ ಮಾಡಿದೆಯಾ?" ಅಂದರು. ಆ ದಿನ ನಿಜವಾಗಿಯೂ ಮಾಡಿರಲಿಲ್ಲ.

ಆರನೇ ವಾರಕ್ಕೆ ಎಚ್‌ಐವಿ ಪರೀಕ್ಷೆಗೆ ಮಗುವಿನ ಹಿಮ್ಮಡಿ ಚುಚ್ಚಿ, ಕಾರ್ಡಿನ ಮೇಲೆ ರಕ್ತದ ಹನಿ ಹಾಕಿದರು. ಚುಚ್ಚುವ ಮುಂಚೆ ಅಕ್ಕ ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗುವವರೆಗೂ ಸುಮ್ನೆ ಉಜ್ಜುತ್ತಾ ಕೂತಿದ್ದರು.

18 ತಿಂಗಳ ಕೊನೆಯ ಪರೀಕ್ಷೆಯೂ ನೆಗೆಟಿವ್. ಪೇಡ ತೆಗೆದುಕೊಂಡು ಹೋದರೆ ಅಕ್ಕನಿಗೆ ವರ್ಗವಾಗಿತ್ತು. ಅಕ್ಕನ ಹೆಸರು ಬರೆದರೆ ನಾನು ಯಾರು ಅಂತ ಊರಿಗೆ ಗೊತ್ತಾಗುತ್ತದೆ, ಅಲ್ವಾ? ಅದಕ್ಕೇ ಬರೆದಿಲ್ಲ. ಕ್ಯಾಲೆಂಡರ್ ಹಾಳೆ ಇನ್ನೂ ಇದೆ ಅಕ್ಕಾ. ಒಂದು ಮೂಲೆ ಮಾತ್ರ ಮಗ ಕಚ್ಚಿ ಹರಿದಿದ್ದಾನೆ.